ಬೆಳೆಯುವ ಕೊರಳು, ಬೆಳೆಯದ ಬೆಲ್ಟು

ಮನೆಗೆ ನಾಯಿಮರಿ ಬಂದ ದಿನವೇ ಪೇಟೆಯಿಂದ ಬೆಲ್ಟು, ಚೈನು, ಗೆಜ್ಜೆ ಮೂರೂ ಒಟ್ಟಿಗೆ ಬರುತ್ತವೆ. ಲಸಿಕೆ ಹಾಕಿಸುವುದು, ಜಂತುಹುಳದ ಔಷಧ ಕೊಡಿಸುವುದು ನಾಲ್ಕು ದಿನ ತಡವಾದೀತು, ಕೊರಳಿಗೆ ಕೆಂಪು ಪಟ್ಟಿ ಬೀಳುವುದು ಮಾತ್ರ ತಡವಾಗುವುದಿಲ್ಲ. ಮರಿ ನಮ್ಮದಾಯಿತು ಎಂದು ಬೀದಿಗೆಲ್ಲ ತೋರಿಸುವ ಗುರುತು ಅದು. ಆ ಸಂಭ್ರಮ ಸಹಜವಾದದ್ದೇ. ಆದರೆ ಅಂಗಡಿಯಲ್ಲಿ ನಡೆಯುವ ಮಾತುಕತೆಯನ್ನು ಒಮ್ಮೆ ಕೇಳಿ ನೋಡಿ. ‘ಎಷ್ಟು ದೊಡ್ಡದು ಮರಿ?’ ‘ಇಷ್ಟೇ, ಅಂಗೈಯಷ್ಟಿದೆ.’ ‘ಹಾಗಾದರೆ ಸ್ಮಾಲ್ ತಗೊಳ್ಳಿ. ಬೇಡ, ಬೇಗ ಬೆಳೆದುಬಿಡುತ್ತೆ, ಮೀಡಿಯಮ್ಮೇ ಇರಲಿ.’ ಕೊರಳಿನ ಸುತ್ತಳತೆ ಎಷ್ಟೆಂದು ಕೇಳುವವರೂ ಇಲ್ಲ, ಅಳೆದುಕೊಂಡು ಬಂದವರೂ ಇಲ್ಲ. ಜೂನ್ ತಿಂಗಳಲ್ಲಿ ಮಕ್ಕಳಿಗೆ ಎರಡು ವರ್ಷ ಬಾಳುವಂತೆ ದೊಗಲೆ ಯೂನಿಫಾರಂ ಹೊಲಿಸುತ್ತೇವಲ್ಲ, ಅದೇ ಲೆಕ್ಕದಲ್ಲಿ ಬೆಲ್ಟು ಕೊಳ್ಳುತ್ತೇವೆ. ದೊಗಲೆ ಅಂಗಿಯಿಂದ ಮಗುವಿಗೆ ಕೇಡಿಲ್ಲ. ದೊಗಲೆ ಬೆಲ್ಟಿನಿಂದ ಮರಿಯ ಜೀವಕ್ಕೇ ಕುತ್ತು ಬರಬಹುದು.

ಹೇಗೆಂದರೆ, ಎರಡು ತಿಂಗಳ ಮರಿಗೆ ಲೋಕವೆಲ್ಲ ಬಾಯಿಯ ಮೂಲಕವೇ ತಿಳಿಯುವುದು. ಕೊರಳಲ್ಲಿ ಸಡಿಲವಾಗಿ ತೂಗುವ ಪಟ್ಟಿ ಅದಕ್ಕೆ ಮೊದಲ ಆಟಿಕೆ. ತಲೆ ಬಗ್ಗಿಸಿ ಕಚ್ಚಲು ಹೋದಾಗ ಕೆಳದವಡೆ ಪಟ್ಟಿಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಬಾಯಿ ಮುಚ್ಚಲಾರದು, ತೆರೆಯಲಾರದು. ಗಾಬರಿಯಿಂದ ಹೊರಳಾಡುತ್ತದೆ, ಹೊರಳಿದಷ್ಟೂ ಪಟ್ಟಿ ಬಿಗಿಯುತ್ತದೆ. ಹಿಂಗಾಲಿನಿಂದ ಕೆರೆದುಕೊಳ್ಳುವಾಗ ಪಾದವೇ ಪಟ್ಟಿಯೊಳಗೆ ತೂರುವುದೂ ಉಂಟು. ನಮ್ಮ ಮನೆಗಳಲ್ಲಿ ಇನ್ನೊಂದು ಅಪಾಯ ಇದೆ: ಗೇಟಿನ ಸರಳು, ಕಿಟಕಿಯ ಗ್ರಿಲ್ಲು, ಮಂಚದ ಕೊಕ್ಕೆ, ಹಿತ್ತಲ ಬೇಲಿಯ ತಂತಿ. ಸಡಿಲ ಪಟ್ಟಿಯೋ ಅದರಿಂದ ಜೋಲುವ ಗೆಜ್ಜೆಯೋ ಇವುಗಳಲ್ಲಿ ಯಾವುದಕ್ಕಾದರೂ ಸಿಕ್ಕಿಕೊಂಡರೆ, ಮನೆಯವರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಬಿಡಿಸುವವರು ಯಾರು?

ಬಿಗಿ ಬೆಲ್ಟಿನ ಕಥೆ ಇದಕ್ಕಿಂತ ನಿಧಾನದ್ದು, ಆದ್ದರಿಂದಲೇ ಇನ್ನೂ ಕ್ರೂರವಾದದ್ದು. ನಮ್ಮ ನಾಡತಳಿಯ ಮರಿ ಎರಡು ತಿಂಗಳಿಂದ ಆರು ತಿಂಗಳಾಗುವಷ್ಟರಲ್ಲಿ ತೂಕದಲ್ಲಿ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಕೊರಳೂ ಅದರ ಜೊತೆಗೇ ದಪ್ಪವಾಗುತ್ತದೆ. ಪಟ್ಟಿ ಮಾತ್ರ ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ. ಮೊದಲು ಕೂದಲು ಉದುರುತ್ತದೆ, ಚರ್ಮ ಕೆಂಪಾಗುತ್ತದೆ. ಒತ್ತಡ ಮುಂದುವರಿದರೆ ಆ ಗೆರೆಯಲ್ಲಿ ಚರ್ಮಕ್ಕೆ ರಕ್ತ ಹರಿಯುವುದು ಕಡಿಮೆಯಾಗಿ, ಅದು ಸತ್ತು ಬಿರಿಯುತ್ತದೆ. ಗಾಯದ ಎರಡೂ ಅಂಚುಗಳು ಬಾತು ಪಟ್ಟಿಯ ಮೇಲೆ ಮುಚ್ಚಿಕೊಳ್ಳುತ್ತವೆ. ಪಟ್ಟಿ ಮಾಂಸದೊಳಗೆ ಇಳಿಯುತ್ತದೆ. ನೊಣ ಮೊಟ್ಟೆ ಇಡುತ್ತದೆ, ಹುಳು ಬೀಳುತ್ತದೆ. ಮೇಲೆ ಕೂದಲು ದಟ್ಟವಾಗಿದ್ದರೆ ಇದಾವುದೂ ಕಣ್ಣಿಗೆ ಬೀಳುವುದಿಲ್ಲ, ಮೊದಲು ತಿಳಿಯುವುದು ಮೂಗಿಗೆ. ಮರಿಯ ಮೈಯಿಂದ ಕೊಳೆತ ವಾಸನೆ ಬರುತ್ತಿದೆ, ಕೊರಳು ಮುಟ್ಟಿದರೆ ಗುರ್ ಎನ್ನುತ್ತದೆ ಎಂದರೆ ಸ್ನಾನ ಮಾಡಿಸುವ ಯೋಚನೆ ಬಿಟ್ಟು ಕೂದಲು ಬಿಡಿಸಿ ನೋಡಬೇಕು. ಪಟ್ಟಿ ಚರ್ಮದೊಳಗೆ ಇಳಿದಿದ್ದರೆ ಮನೆಯಲ್ಲಿ ಎಳೆದು ತೆಗೆಯುವ ಪ್ರಯತ್ನ ಬೇಡವೇ ಬೇಡ. ನೋವಂತೂ ಹೇಳತೀರದು, ರಕ್ತನಾಳ ಹರಿಯುವ ಭಯವೂ ಇದೆ. ಪಶುವೈದ್ಯರು ಅರಿವಳಿಕೆ ಕೊಟ್ಟು, ಕೂದಲು ತೆಗೆದು, ಗಾಯ ತೊಳೆದು ಬಿಡಿಸಬೇಕಾದ ಕೆಲಸ ಅದು.

ಬೆಲ್ಟೇ ಆಗಬೇಕೆಂದಿಲ್ಲ. ಮಕ್ಕಳು ಆಟಕ್ಕೆ ಹಾಕಿದ ರಬ್ಬರ್ ಬ್ಯಾಂಡು, ಜಡೆಗೆ ಹಾಕುವ ಎಲಾಸ್ಟಿಕ್ಕು, ಸಿಹಿಡಬ್ಬಿಗೆ ಸುತ್ತಿದ್ದ ರಿಬ್ಬನ್ನು, ದೃಷ್ಟಿಯಾಗದಿರಲೆಂದು ಅಜ್ಜಿ ಕಟ್ಟಿದ ಕರಿದಾರ, ಇವೆಲ್ಲ ಬೆಲ್ಟಿಗಿಂತ ಕೆಟ್ಟವು. ತೆಳುವಾದಷ್ಟೂ ಬೇಗ ಕೊರೆಯುತ್ತವೆ, ಕೂದಲಲ್ಲಿ ಪೂರ್ತಿ ಮರೆಯಾಗುತ್ತವೆ. ಅಜ್ಜಿಯ ಕಾಳಜಿ ದೊಡ್ಡದು. ಆ ಕರಿದಾರವನ್ನು ಮರಿ ಮಲಗುವ ಬುಟ್ಟಿಯ ಹಿಡಿಗೆ ಕಟ್ಟಿದರೆ ಕಾಳಜಿಯೂ ಉಳಿಯುತ್ತದೆ, ಕೊರಳೂ ಉಳಿಯುತ್ತದೆ. ಹಾಗೆಯೇ, ಮನೆಯ ನಾಯಿ ಐದಾರು ಮರಿ ಹಾಕಿದಾಗ ಯಾವುದು ಯಾವುದೆಂದು ಗುರುತಿಸಲು ಬಣ್ಣಬಣ್ಣದ ಉಲ್ಲನ್ ದಾರ ಕಟ್ಟುವವರಿದ್ದಾರೆ. ಹುಟ್ಟಿದ ಮರಿಯ ತೂಕ ಏಳರಿಂದ ಹತ್ತು ದಿನಗಳಲ್ಲೇ ಇಮ್ಮಡಿಯಾಗುತ್ತದೆ ಎಂಬುದನ್ನು ನೆನಪಿಟ್ಟರೆ, ಆ ದಾರವನ್ನು ದಿನಕ್ಕೊಮ್ಮೆಯಾದರೂ ಬಿಚ್ಚಿ ಕಟ್ಟದೆ ವಿಧಿಯಿಲ್ಲ ಎಂಬುದು ಅರ್ಥವಾಗುತ್ತದೆ. ದಿನವೂ ನೋಡಲಾಗದಿದ್ದರೆ ಕಟ್ಟುವುದೇ ಬೇಡ. ಮೈಮೇಲಿನ ಮಚ್ಚೆ, ಬಾಲದ ತುದಿ, ಮೂಗಿನ ಬಣ್ಣ ನೋಡಿ ಗುರುತು ಬರೆದಿಟ್ಟುಕೊಂಡರೆ ಸಾಕು.

ಇನ್ನು ಅಳತೆ. ಟೈಲರ್ ಬಳಸುವ ಟೇಪು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ದಾರ ಸುತ್ತಿ ಸ್ಕೇಲಿನ ಮೇಲೆ ಇಟ್ಟು ನೋಡಬಹುದು. ಮರಿ ನಿಂತಿರುವಾಗ ಕೊರಳಿನ ನಡುಭಾಗದಲ್ಲಿ, ಬೆಲ್ಟು ತಾನಾಗಿ ಬಂದು ಕೂರುವ ಜಾಗದಲ್ಲಿ, ಬಿಗಿಯದೆ ಸುತ್ತಬೇಕು. ತಿನ್ನಲು ತಲೆ ಬಗ್ಗಿಸಿದಾಗ ಕೊರಳಿನ ಆಕಾರ ಬದಲಾಗುತ್ತದೆ. ಆಗಲೂ ಒಮ್ಮೆ ನೋಡಿ. ತೀರ ಪುಟ್ಟ ತಳಿಗಳ ಮರಿಗೆ ಆರೇಳು ಇಂಚು ಬಂದರೆ ಹೆಚ್ಚು, ನಾಡತಳಿಯ ಎರಡು ತಿಂಗಳ ಮರಿಗೆ ಎಂಟೋ ಒಂಬತ್ತೋ ಇಂಚು ಇರಬಹುದು. ಇದು ಅಂದಾಜು ಮಾತ್ರ. ನಿಮ್ಮ ಮರಿಯ ಅಳತೆ ನಿಮ್ಮ ಟೇಪಿನಲ್ಲೇ ಇದೆ. ಆ ಅಳತೆ ಬೆಲ್ಟಿನ ಕನಿಷ್ಠ ಉದ್ದಕ್ಕೆ ಹತ್ತಿರವಿರಬೇಕು, ಗರಿಷ್ಠ ಉದ್ದ ಅದಕ್ಕಿಂತ ಮೂರು ನಾಲ್ಕು ಇಂಚು ಹೆಚ್ಚಿರಬೇಕು. ಆಗ ಕೆಲವು ವಾರಗಳ ಬೆಳವಣಿಗೆಗೆ ಅದೇ ಬೆಲ್ಟು ಹಿಗ್ಗುತ್ತದೆ. ಸ್ಮಾಲ್, ಮೀಡಿಯಮ್ ಎಂಬ ಚೀಟಿಯನ್ನು ನಂಬುವಂತಿಲ್ಲ, ಒಬ್ಬೊಬ್ಬ ತಯಾರಕನ ಸ್ಮಾಲ್ ಒಂದೊಂದು ಥರ.

ಹಾಕಿದ ಮೇಲೆ ಎರಡು ಬೆರಳು ಪಟ್ಟಿಯೊಳಗೆ ತೂರಬೇಕು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಬೆಳೆದ ನಾಯಿಗೆ ಅದು ಸರಿಯಾದ ಮಾತು. ಒಂದು ಕಿಲೋ ತೂಗುವ ಮರಿಯ ಕೊರಳಿಗೆ ದೊಡ್ಡವರ ಎರಡು ಬೆರಳಿನ ಸಂದು ಬಿಟ್ಟರೆ ದವಡೆ ಜಾರಲು ಅಷ್ಟೇ ಸಾಕು. ಪುಟ್ಟ ಮರಿಗೆ ಒಂದೇ ಬೆರಳು, ಅದೂ ಕಷ್ಟಪಡದೆ ಹೋಗಬೇಕು, ಹೋದ ಮೇಲೆ ಸಡಿಲ ಉಳಿಯಬಾರದು. ಆಮೇಲೆ ಇನ್ನೆರಡು ಸಲ ಪರೀಕ್ಷಿಸಿ. ಪಟ್ಟಿಯನ್ನು ಮೆಲ್ಲಗೆ ಕಿವಿಯ ಕಡೆಗೆ ಜಾರಿಸಿ, ತಲೆ ದಾಟಿ ಬರಬಾರದು. ಮುಂದಿನಿಂದ ಬಾಯಿಯ ಕಡೆಗೆ ಎತ್ತಿ, ಕೆಳದವಡೆಯ ಮೇಲೆ ಏರುವಂತಿರಬಾರದು. ಉದ್ದನೆಯ ಕೂದಲಿನ ಮರಿಯಾದರೆ ಬೆರಳು ಕೂದಲಿನ ಮೇಲಲ್ಲ, ಕೂದಲಿನ ಅಡಿಯಲ್ಲಿ ಚರ್ಮಕ್ಕೆ ತಾಗಿಕೊಂಡು ಹೋಗಬೇಕು. ಬಿಗಿದು ಉಳಿದ ಬಾಲದಂಥ ತುದಿಯನ್ನು ಕುಣಿಕೆಯೊಳಗೆ ಸೇರಿಸಿಬಿಡಿ, ಇಲ್ಲದಿದ್ದರೆ ಅದನ್ನೇ ಜಗಿದು ನುಂಗುತ್ತದೆ.

ಇಷ್ಟು ಮಾಡಿದ್ದು ಇವತ್ತಿನ ಮಟ್ಟಿಗೆ. ಬೆಲ್ಟಿನ ವಿಷಯದಲ್ಲಿ ನನಗೆ ಹೇಳಲೇಬೇಕೆನಿಸುವ ಒಂದೇ ಮಾತಿದ್ದರೆ ಅದು ಇದು: ಸರಿಯಾದ ಬೆಲ್ಟನ್ನು ಒಮ್ಮೆ ಕೊಂಡರೆ ಮುಗಿಯಲಿಲ್ಲ, ವಾರಕ್ಕೊಮ್ಮೆ ಅದನ್ನು ಸರಿಪಡಿಸುತ್ತಲೇ ಇರಬೇಕು. ಪುಟ್ಟ ತಳಿಗಳು ಎಂಟರಿಂದ ಹತ್ತು ತಿಂಗಳಲ್ಲಿ ಪೂರ್ಣ ಗಾತ್ರಕ್ಕೆ ಬರುತ್ತವೆ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳು ವರ್ಷ ದಾಟಿದರೂ ಬೆಳೆಯುತ್ತಿರುತ್ತವೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಬೆಲ್ಟು ಬಿಚ್ಚುವುದು, ಕೊರಳ ಸುತ್ತ ಕೂದಲು ಬಿಡಿಸಿ ಚರ್ಮ ನೋಡುವುದು, ಬೆಲ್ಟನ್ನು ಸೌಮ್ಯ ಸೋಪಿನಲ್ಲಿ ತೊಳೆದು ಒಣಗಿಸಿ ಮತ್ತೆ ಬೆರಳಿಟ್ಟು ಹಾಕುವುದು, ಇದೊಂದು ರೂಢಿಯಾಗಬೇಕು. ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಯಾರ ಪಾಲಿಗೆ ಈ ಕೆಲಸ ಎಂಬುದೂ ಖಚಿತವಾಗಿರಲಿ; ಎಲ್ಲರ ಪ್ರೀತಿಯ ಮರಿಯ ಬೆಲ್ಟನ್ನು ಯಾರೂ ನೋಡದೆ ಹೋಗುವುದು ಹೀಗೆಯೇ.

ಯಾವುದರಿಂದ ಮಾಡಿದ ಬೆಲ್ಟು? ಹಗುರ ಮತ್ತು ಮೆತ್ತಗಿನದು ಎಂದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಿತು. ಎರಡು ಕಿಲೋ ಒಳಗಿನ ಮರಿಗೆ ಸುಮಾರು ಒಂದು ಸೆಂಟಿಮೀಟರ್ ಅಗಲ ಸಾಕು, ಮೂರು ನಾಲ್ಕು ಕಿಲೋ ಮರಿಗೆ ಒಂದೂವರೆ. ಅದಕ್ಕಿಂತ ಕಿರಿದಾದರೆ ಕೊರೆಯುತ್ತದೆ, ಬಹಳ ಅಗಲವಾದರೆ ಗಲ್ಲ ತಗ್ಗಿಸಲು ಬಿಡುವುದಿಲ್ಲ. ನೈಲಾನ್ ಪಟ್ಟಿ ಬೇಗ ಒಣಗುತ್ತದೆ, ಕರಾವಳಿ ಮಲೆನಾಡಿನ ಮಳೆಗಾಲಕ್ಕೆ ಅದೇ ವಾಸಿ. ಅಂಚು ಒರಟಾಗಿಲ್ಲವೇ ಎಂದು ಮಾತ್ರ ನಿಮ್ಮ ಮುಂಗೈ ಒಳಭಾಗಕ್ಕೆ ಉಜ್ಜಿ ನೋಡಿಕೊಳ್ಳಿ. ಹತ್ತಿಯದು ಮೆತ್ತಗೆ, ಆದರೆ ನೆನೆದರೆ ಹೊತ್ತಾದರೂ ಒಣಗದು. ಒದ್ದೆ ಪಟ್ಟಿಯ ಅಡಿಯಲ್ಲಿ ಚರ್ಮ ಹುಣ್ಣಾಗಲು ತಡವಿಲ್ಲ. ಚರ್ಮದ ಬೆಲ್ಟು ಬೆಳೆದ ನಾಯಿಗೆ ಚಂದ, ಮರಿಗೆ ಬಿರುಸು. ಆಷಾಢ ಶ್ರಾವಣದಲ್ಲಿ ಬೂಷ್ಟು ಹಿಡಿಯುವುದನ್ನು ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಕಬ್ಬಿಣದ ಚೈನನ್ನೇ ಕೊರಳಿಗೆ ಸುತ್ತುವುದು, ಎಳೆದರೆ ಬಿಗಿಯುವ ಚೋಕ್ ಚೈನು, ಒಳಗೆ ಮುಳ್ಳಿರುವ ಪಟ್ಟಿ, ಇವು ಮರಿಯ ಹತ್ತಿರವೂ ಸುಳಿಯಬಾರದು.

ಗೆಜ್ಜೆಯ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾದೀತು. ಎತ್ತಿನ ಕೊರಳ ಗಂಟೆ ಕೇಳಿ ಬೆಳೆದ ನಮಗೆ ಮರಿಯ ಕೊರಳ ಗೆಜ್ಜೆಯೂ ಮುದ್ದಾಗಿ ಕೇಳುತ್ತದೆ. ಆದರೆ ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು, ನಾಯಿಯ ಕಿವಿ ಅದರ ಎರಡು ಪಟ್ಟಿಗೂ ಮೇಲಿನದನ್ನು ಹಿಡಿಯುತ್ತದೆ. ಅಂಥ ಕಿವಿಯಿಂದ ಎರಡು ಇಂಚು ದೂರದಲ್ಲಿ ಪ್ರತಿ ಹೆಜ್ಜೆಗೂ ಲೋಹ ಬಡಿಯುತ್ತಿರುತ್ತದೆ. ಕಿತ್ತುಬಂದರೆ ಮರಿ ಅದನ್ನು ನುಂಗುತ್ತದೆ. ಫೋನ್ ನಂಬರನ್ನು ಬೆಲ್ಟಿನ ಮೇಲೇ ಹೊಲಿಸಿ ಅಥವಾ ಪಟ್ಟಿಗೆ ಅಂಟಿ ಕೂರುವ ಚಪ್ಪಟೆ ಬಿಲ್ಲೆ ಹಾಕಿ. ಅದೇ ಮರಿಗೆ ನಿಜವಾಗಿ ಬೇಕಾದ ಆಭರಣ. ದೀಪಾವಳಿಯ ಪಟಾಕಿಗೆ ಹೆದರಿ ಓಡಿಹೋದ ಎಷ್ಟೋ ನಾಯಿಗಳು ಮನೆ ಸೇರದಿರುವುದು ಕೊರಳಲ್ಲಿ ಒಂದು ಫೋನ್ ನಂಬರ್ ಇಲ್ಲದ್ದರಿಂದ. ಭುಜದ ನಡುವೆ ಚರ್ಮದಡಿ ಹಾಕಿಸುವ ಮೈಕ್ರೋಚಿಪ್ ಒಳ್ಳೆಯ ವ್ಯವಸ್ಥೆಯೇ, ಆದರೆ ಅದನ್ನು ಓದಲು ಯಂತ್ರ ಬೇಕು. ದಾರಿಯಲ್ಲಿ ಸಿಕ್ಕವರು ಓದಲಾರರು.

ಕೊಕ್ಕೆಯನ್ನು ಅಂಗಡಿಯಲ್ಲೇ ಎರಡು ಕೈಯಲ್ಲಿ ಎಳೆದು ನೋಡಿ. ಅಗ್ಗದ ಪ್ಲಾಸ್ಟಿಕ್ ಬಕಲ್ಲು ಅಲ್ಲಿಯೇ ಕಳಚಿಕೊಂಡರೆ ರಸ್ತೆಯ ಮೇಲೆ ಏನಾದೀತು! ಎಳೆತ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಲೆಂದೇ ಮಾಡಿದ ಬಕಲ್ಲಿನ ಬೆಲ್ಟುಗಳೂ ಸಿಗುತ್ತವೆ. ಎಲ್ಲಿಯಾದರೂ ಸಿಕ್ಕಿಕೊಂಡರೆ ಮರಿ ಪಾರಾಗುತ್ತದೆ. ಇವುಗಳಲ್ಲಿ ಕೆಲವಕ್ಕೆ ಎರಡು ಉಂಗುರ ಇರುತ್ತವೆ. ಹಗ್ಗದ ಕೊಕ್ಕೆಯನ್ನು ಎರಡಕ್ಕೂ ಸೇರಿಸಿ ಹಾಕಿದರೆ ಬಿಚ್ಚಿಕೊಳ್ಳುವುದಿಲ್ಲ. ಎರಡು ಮರಿಗಳಿರುವ ಮನೆಗೆ ಇದು ತುಂಬ ಉಪಯುಕ್ತ. ಆದರೂ ಮರಿಗಳು ಜೋಡಿಯಾಗಿ ಕಚ್ಚಾಡಿ ಆಡುವಾಗ ಬೆಲ್ಟು ಬಿಚ್ಚಿಡುವುದೇ ಎಲ್ಲಕ್ಕಿಂತ ಕ್ಷೇಮ. ಒಂದರ ದವಡೆ ಇನ್ನೊಂದರ ಬೆಲ್ಟಿಗೆ ಸಿಕ್ಕು, ಎರಡೂ ಹೊರಳಿ, ಪಟ್ಟಿ ತಿರುಚಿ ಉಸಿರುಗಟ್ಟುವುದು ಕೆಲವೇ ನಿಮಿಷದ ಮಾತು. ಹಾಗಾದರೆ ಬಿಡಿಸಲೆಂದು ಎಳೆಯಬಾರದು; ಎರಡನ್ನೂ ಒಂದಕ್ಕೊಂದು ಒತ್ತಿ ಹಿಡಿದು ಪಟ್ಟಿ ಸಡಿಲಿಸಿ, ತಿರುಚಿದ್ದನ್ನು ಹಿಂದಕ್ಕೆ ತಿರುಗಿಸಿ, ಆಗದಿದ್ದರೆ ಕತ್ತರಿಸಿ. ಬಿಗಿದ ಬಕಲ್ಲು ಸುಲಭಕ್ಕೆ ಬಿಚ್ಚುವುದಿಲ್ಲ, ಆದ್ದರಿಂದ ಕತ್ತರಿ ಕೈಗೆ ಸಿಗುವ ಜಾಗದಲ್ಲಿರಲಿ. ರಾತ್ರಿ ಮಲಗುವಾಗ, ಪಂಜರದಲ್ಲಿ ಬಿಟ್ಟಾಗ, ಮನೆಯಲ್ಲಿ ಯಾರೂ ಇಲ್ಲದಿರುವಾಗ ಕೊರಳು ಬರಿದಾಗಿರಲಿ.

ಹಾಗಾದರೆ ಹಗ್ಗ ಎಲ್ಲಿಗೆ ಕಟ್ಟುವುದು? ಪುಟ್ಟ ಮರಿಯ ಮಟ್ಟಿಗೆ ಕೊರಳಿಗಂತೂ ಅಲ್ಲ. ಶ್ವಾಸನಾಳವನ್ನು ತೆರೆದಿಡುವುದು ಸಿ ಅಕ್ಷರದ ಆಕಾರದ ಮೃದ್ವಸ್ಥಿಯ ಉಂಗುರಗಳು. ಪಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ, ಟಾಯ್ ಪೂಡಲ್‌ನಂಥ ಪುಟ್ಟ ತಳಿಗಳಲ್ಲಿ ಈ ಉಂಗುರಗಳು ಸಡಿಲಗೊಂಡು ನಾಳ ಚಪ್ಪಟೆಯಾಗುವ ತೊಂದರೆ ಹೆಚ್ಚು. ಬೆಲ್ಟೇ ಆ ಕಾಯಿಲೆಯನ್ನು ಹುಟ್ಟಿಸುತ್ತದೆ ಎಂದಲ್ಲ, ಆದರೆ ದುರ್ಬಲ ನಾಳದ ಮೇಲೆ ಬೀಳುವ ಪ್ರತಿ ಎಳೆತವೂ ಕೆಮ್ಮನ್ನು ಕೆರಳಿಸುತ್ತದೆ. ಬಾತುಕೋಳಿ ಕೂಗಿದಂಥ ಒಣಕೆಮ್ಮು ಅದು. ಚಪ್ಪಟೆ ಮೂತಿಯ ಪಗ್, ಶಿಟ್ಜು ಮರಿಗಳಿಗೆ ಕಣ್ಣುಗುಡ್ಡೆಯ ಗೂಡೇ ಆಳವಿಲ್ಲ. 2006ರಲ್ಲಿ ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊರಳಪಟ್ಟಿಯಿಂದ ಎಳೆದಾಗ ನಾಯಿಗಳ ಕಣ್ಣಿನೊಳಗಿನ ಒತ್ತಡ ಏರಿತ್ತು. ಎದೆಯ ಸುತ್ತ ಕೂರುವ ಹಾರ್ನೆಸ್‌ನಿಂದ ಎಳೆದಾಗ ಹಾಗೆ ಏರಲಿಲ್ಲ. ಬೆಲ್ಟು ವಿಳಾಸಕ್ಕೆ, ಹಾರ್ನೆಸ್ ಹಗ್ಗಕ್ಕೆ ಎಂದು ಹಂಚಿಬಿಡುವುದು ವಿವೇಕ. ಹಾರ್ನೆಸ್ಸನ್ನೂ ಅಳೆದೇ ತರಬೇಕು: ಮುಂಗಾಲುಗಳ ಹಿಂದೆ, ಎದೆಯ ಅತಿ ಅಗಲದ ಜಾಗದಲ್ಲಿ. ಕಂಕುಳಲ್ಲಿ ಉಜ್ಜುತ್ತಿದೆಯೇ ಎಂದು ವಾರವಾರವೂ ನೋಡಬೇಕು.

ನಮ್ಮ ಮುಧೋಳ ನಾಯಿಯ ವಿಷಯ ಬೇರೆಯೇ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಗೆ ಬೆಳೆದಂತೆ ತಲೆ ಕಿರಿದಾಗಿ, ಕೊರಳು ಉದ್ದವಾಗಿ ಬಲಿಯುತ್ತದೆ. ಸಾಧಾರಣ ಬೆಲ್ಟು ಎಷ್ಟೇ ಸರಿಯಾಗಿ ಕೂತಿದ್ದರೂ, ಹಿಂದಕ್ಕೆ ಸರಿದು ತಲೆ ತಗ್ಗಿಸಿದರೆ ಕಳಚಿಕೊಂಡು ಬರುತ್ತದೆ. ಅದರ ಓಟಕ್ಕೆ ಮನುಷ್ಯರ ಕಾಲು ಸಾಟಿಯಲ್ಲ. ಇಂಥ ನಾಯಿಗಳಿಗೆಂದೇ ಮಾರ್ಟಿಂಗೇಲ್ ಎಂಬ ಪಟ್ಟಿ ಇದೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯುತ್ತದೆ, ಉಸಿರುಗಟ್ಟಿಸುವುದಿಲ್ಲ. ಮರಿಯಾಗಿರುವಾಗ ಹಾರ್ನೆಸ್ ಸಾಕು, ಬೆಳೆದ ಮೇಲೆ ತಿರುಗಾಟದ ಹೊತ್ತಿಗೆ ಮಾರ್ಟಿಂಗೇಲ್ ಹಾಕಿ, ಮನೆಗೆ ಬಂದೊಡನೆ ತೆಗೆದಿಡಬೇಕು.

ಹಗ್ಗಕ್ಕೆ ಅವಸರವೂ ಇಲ್ಲ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟನೆಯ ವಾರಕ್ಕೆ ಮನೆಗೆ ಬಂದ ಮರಿಯ ಲಸಿಕೆಗಳು ಮುಗಿಯುವುದು ಸುಮಾರು ಹದಿನಾರನೆಯ ವಾರಕ್ಕೆ. ಅಲ್ಲಿಯವರೆಗೆ ಪಾರ್ವೋದಂಥ ರೋಗದ ಭಯಕ್ಕೆ ಅದನ್ನು ಬೀದಿಯಲ್ಲಿ ನಡೆಸುವಂತೆಯೇ ಇಲ್ಲ. ಈ ಬಿಡುವಿನಲ್ಲಿ ಮರಿಗೆ ಬೆಲ್ಟಿನ ಪರಿಚಯ ಮಾಡಿಸಬಹುದು. ಊಟದ ಬಟ್ಟಲು ಮುಂದಿಟ್ಟು ಬೆಲ್ಟು ಹಾಕಿ, ತಿಂದು ಮುಗಿಸಿದ ಮೇಲೆ ತೆಗೆಯಿರಿ. ಕೆರೆದುಕೊಳ್ಳುತ್ತದೆ, ಕುಂಟುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. ಗದರಿಸಬೇಡಿ, ನಗಲೂ ಬೇಡಿ, ಚೆಂಡು ಉರುಳಿಸಿ ಗಮನ ಬೇರೆಡೆ ಸೆಳೆಯಿರಿ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸುತ್ತ ಹೋದರೆ ಬೆಲ್ಟು ಕಂಡರೆ ಬಾಲ ಆಡಿಸುವಷ್ಟು ಒಗ್ಗುತ್ತದೆ. ಉಣ್ಣೆ ನಿವಾರಕ ಔಷಧ ಲೇಪಿಸಿದ ಬೆಲ್ಟನ್ನು ಮಾತ್ರ ವೈದ್ಯರನ್ನು ಕೇಳದೆ ಮರಿಗೆ ಹಾಕಬಾರದು. ಕೆಲವನ್ನು ಏಳು ವಾರದ ಮೇಲೆ, ಕೆಲವನ್ನು ಹನ್ನೆರಡು ವಾರದ ಮೇಲೆ ಮಾತ್ರ ಬಳಸಬೇಕು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದದೆ ಹಾಕಿದರೆ ಔಷಧವೇ ವಿಷವಾಗುತ್ತದೆ.

ಗೇಟಿನ ಕಂಬಕ್ಕೆ ಮೊಳದುದ್ದದ ಚೈನಿನಲ್ಲಿ ಮರಿಯನ್ನು ಕಟ್ಟಿ ‘ಮನೆ ಕಾಯುತ್ತದೆ’ ಎನ್ನುವವರಿಗೆ ಒಂದು ಮಾತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರ 11ನೇ ಕಲಮಿನಲ್ಲಿ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಅತಿಯಾದ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದೂ ಅಪರಾಧವೇ. ಹಾಗೆ ಕಟ್ಟಿದ ಮರಿ ಕಾವಲು ಕಲಿಯುವುದಿಲ್ಲ, ಹೆದರಿ ಬೊಗಳುವುದನ್ನು ಕಲಿಯುತ್ತದೆ.

ಕೊನೆಗೆ, ಯಾರ ಮನೆಯೂ ಇಲ್ಲದ ಬೀದಿಮರಿಗಳು. ಬಡಾವಣೆಯ ಮಕ್ಕಳು ಮುದ್ದಿನಿಂದ ಒಂದು ದಾರವನ್ನೋ ಹಳೆಯ ಬೆಲ್ಟನ್ನೋ ಕಟ್ಟಿರುತ್ತಾರೆ. ರಜೆ ಮುಗಿಯುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ, ಮರಿ ಮುಂದಿನ ಬೀದಿಗೆ ಹೋಗುತ್ತದೆ. ದಾರ ಕಟ್ಟಿದವರು ಅದನ್ನು ಬಿಚ್ಚಲು ಮತ್ತೆ ಸಿಗುವುದೇ ಇಲ್ಲ. ಕೊರಳಿಗೆ ಪಟ್ಟಿ ಇಳಿದು ಆಸ್ಪತ್ರೆ ಸೇರುವ ನಾಯಿಗಳಲ್ಲಿ ಇಂಥವೂ ಇರುತ್ತವೆ. ರಾತ್ರಿ ವಾಹನಗಳಿಗೆ ಕಾಣಲೆಂದು ರೇಡಿಯಂ ಬೆಲ್ಟು ಹಾಕುವ ಕಾರ್ಯಕರ್ತರ ಕೆಲಸ ಒಳ್ಳೆಯದು, ಆದರೆ ಅದು ಪೂರ್ತಿ ಬೆಳೆದ ನಾಯಿಗಳಿಗೆ, ಅದೂ ಎಳೆದರೆ ಬಿಚ್ಚಿಕೊಳ್ಳುವಂಥ ಪಟ್ಟಿ ಆಗಿದ್ದರೆ. ಬೆಳೆಯುತ್ತಿರುವ ಬೀದಿಮರಿಗೆ ಏನನ್ನೂ ಕಟ್ಟಬೇಡಿ. ಕೈಗೆ ಸಿಗುವ ಮರಿಯ ಕೊರಳಲ್ಲಿ ಏನಾದರೂ ಕಂಡರೆ ಬೆರಳು ತೂರಿಸಿ ನೋಡಿ. ಬಿಗಿಯಾಗಿದ್ದು ಚರ್ಮಕ್ಕೆ ಇನ್ನೂ ಇಳಿದಿರದಿದ್ದರೆ ಅಲ್ಲೇ, ಮೊಂಡು ತುದಿಯ ಕತ್ತರಿಯಲ್ಲಿ ಕತ್ತರಿಸಿ ತೆಗೆಯಿರಿ. ಇಳಿದಿದ್ದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ ನಿಮ್ಮೂರಿನ ಪ್ರಾಣಿದಯಾ ಸಂಸ್ಥೆಗೆ ಅದೇ ದಿನ ಮುಟ್ಟಿಸಿ. ಮಕ್ಕಳಿಗೆ ಮರಿಯ ಮೇಲಿನ ಪ್ರೀತಿ ತೋರಿಸಲು ಬೇರೆ ದಾರಿ ಹೇಳಿಕೊಡಿ: ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಮಣ್ಣಿನ ಬಟ್ಟಲಲ್ಲಿ ನೀರು, ಹನ್ನೆರಡು ವಾರ ತುಂಬಿದ ಮರಿಗೆ ರೇಬೀಸ್ ಲಸಿಕೆ, ಮತ್ತು ಸಾಧ್ಯವಾದರೆ ಅದಕ್ಕೊಂದು ಮನೆ.